ಮೇಡಮ್ಮು ಇಲ್ಲವಾದ ಶ್ರಾವಣ

ಕಳೆದ ತಿಂಗಳು ಮಗಳು ಸುಮಾಳ ಆಫೀಸಿನವರೊಬ್ಬರ ಗೃಹಪ್ರವೇಶಕ್ಕೆಂದು ಶಿವಮೊಗ್ಗದ ರಾಗಿಗುಡ್ಡದ ಕಡೆ ಹೋಗಿದ್ದೆವು. ಊಟ ಮುಗಿಸಿ ಇಳಿಜಾರಿನ ರಸ್ತೆಯಲ್ಲಿ ಆಟೋಗೆ ಕಾಯುತ್ತ ನಿಂತಾಗ ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ ಬಂತು. ಒಣಗಿದ ತೆಂಗಿನ ಗರಿಯ ಹೊಗೆ, ಅದರೊಳಗೆ ಬಿರುಸು ಕೂದಲು ಕರಕಲಾಗುವ ಕಮಟು, ಅದರ ಬೆನ್ನಿಗೇ ಚರ್ಮ ಕಾದು ನೆಣ ಕರಗುವ, ಸ್ವಲ್ಪ ಸಿಹಿ ಎನ್ನಿಸುವ ವಾಸನೆ. ಯಾರೋ ಹಂದಿ ಸುಡುತ್ತಿದ್ದರು. ಸುಮಾ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದಳು. ನಾನು ಆಟೋ ಬರುವ ದಿಕ್ಕಿಗೆ ತಿರುಗಿಕೊಂಡೆ. ಅವಳಿಗೂ ಆ ಶ್ರಾವಣವೇ ನೆನಪಾಗಿರಬೇಕು.

ಅವಳಿಗಾಗ ಹದಿನೈದು ವರ್ಷ, ಹತ್ತನೇ ತರಗತಿ. ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಹೋಗುವ ರಸ್ತೆಯ ಬದಿ, ನೀರಾವರಿ ಚಾನಲ್ಲಿಗೆ ಅಂಟಿಕೊಂಡ ಮುಕ್ಕಾಲು ಎಕರೆಯಲ್ಲಿ ನಮ್ಮ ಶೀಟಿನ ಮನೆ, ಮನೆಯ ಹಿಂದೆ ಹಂದಿಗೂಡುಗಳು. ನಮ್ಮ ಯಜಮಾನರು ಮಂಜಪ್ಪ ಭದ್ರಾವತಿಯ ಒಂದು ಕಾರ್ಖಾನೆಯ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅವರ ವಿಭಾಗವನ್ನು ಮುಚ್ಚಿ, ಇದ್ದವರಿಗೆಲ್ಲ ವಿಆರೆಸ್ ಕೊಟ್ಟು ಕಳಿಸಿದಾಗ ಅವರಿಗೆ ನಲವತ್ತೇಳು. ಕೈಕಾಲು ಗಟ್ಟಿಯಿದ್ದ ಮನುಷ್ಯ. ಮೊದಲ ಆರು ತಿಂಗಳು ಬೆಳಿಗ್ಗೆ ಶಿಫ್ಟಿನ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಯಾವ ವಿಷಯಕ್ಕೇ ಆಗಲಿ, "ಇನ್ನು ಸಾಕು ಬಿಡಿ" ಎಂದು ಯಾರಾದರೂ ಅಂದರೆ ಎದ್ದು ಹೋಗಿಬಿಡುತ್ತಿದ್ದರು.

ಹಂದಿ ಸಾಕುವ ಯೋಚನೆ ಕೊಟ್ಟವನು ಸೆಲ್ವರಾಜ. ಫೌಂಡ್ರಿಯಲ್ಲಿ ಇವರ ಕೈಕೆಳಗೆ ಕಂಟ್ರಾಕ್ಟ್ ಕೆಲಸಕ್ಕಿದ್ದ ತಮಿಳು ಹುಡುಗ. ಹುಡುಗ ಎಂದೆ, ಆಗಲೇ ಅವನಿಗೆ ಮದುವೆಯಾಗಿ ಎರಡು ಮಕ್ಕಳಿದ್ದವು. ಭಾನುವಾರಗಳಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನ ಹಿಂದೆ ಹಂದಿ ಕಡಿದು ಮಾರುತ್ತಿದ್ದ. "ಅಣ್ಣಾ, ನೀವು ಸಾಕಿ, ನಾನು ಕಡೀತೀನಿ. ಬಿಳಿ ಹಂದಿಗೆ ಯಾವತ್ತೂ ಗಿರಾಕಿ ಇರ್ತಾರೆ" ಎಂದ. ನನಗೆ ಸುತರಾಂ ಇಷ್ಟವಿರಲಿಲ್ಲ. ನಮ್ಮ ತವರಿನಲ್ಲಿ ಕುರಿ ಕೋಳಿ ಮೀನು ಎಲ್ಲ ಉಂಟು, ಹಂದಿ ಇಲ್ಲ. ಗೂಡು ಕಟ್ಟಿಸಿದ ಸುದ್ದಿ ಹೊಳೆಹೊನ್ನೂರಿಗೆ ಮುಟ್ಟಿದ ಮೇಲೆ ನನ್ನ ಅಣ್ಣಂದಿರು ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. ಆದರೆ ಜಗಲಿಯ ಮೇಲೆ ಕೂತಿರುತ್ತಿದ್ದ ಆ ಮನುಷ್ಯ ಎದ್ದು ಓಡಾಡಿದ್ದೇ ಹಂದಿ ಬಂದ ಮೇಲೆ. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಮೊದಲು ತಂದ ಹೆಣ್ಣು ಹಂದಿಯೇ ಮೇಡಮ್ಮು. ಬಲಗಿವಿ ಮಡಚಿಕೊಂಡಿತ್ತು. ತೊಟ್ಟಿಗೆ ಕಲಗಚ್ಚು ಸುರಿದರೆ ಬೇರೆ ಹಂದಿಗಳ ಹಾಗೆ ಮುಗಿಬೀಳುತ್ತಿರಲಿಲ್ಲ. ಒಂದು ಸುತ್ತು ಹೊಡೆದು, ಎಲ್ಲರನ್ನೂ ನೋಡಿ, ಆಮೇಲೆ ಬಾಯಿ ಹಾಕುತ್ತಿತ್ತು. "ಹೆಡ್‌ಮಿಸ್ಸು ಕ್ಲಾಸಿಗೆ ಬಂದಂಗೆ ಬರುತ್ತೆ ನೋಡು" ಎಂದು ಇವರೇ ಆ ಹೆಸರಿಟ್ಟರು. ನಾಲ್ಕು ಸೂಲಿನಲ್ಲಿ ಒಂದೊಂದರಲ್ಲೂ ಒಂಬತ್ತು ಹತ್ತು ಮರಿ ಹಾಕಿ, ಒಂದನ್ನೂ ಕಳೆದುಕೊಳ್ಳದೆ ಸಾಕಿತು. ಇವರು ಗೂಡಿನ ಕಟ್ಟೆಯ ಮೇಲೆ ಕೂತು ಅದರ ಬೆನ್ನನ್ನು ತೆಂಗಿನ ಚಿಪ್ಪಿನಿಂದ ಕೆರೆಯುತ್ತ ಏನೇನೋ ಹೇಳುತ್ತಿದ್ದರು. ಫೌಂಡ್ರಿಯ ಕತೆಯಿರಬಹುದು, ಇನ್ನೇನೋ ಇರಬಹುದು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ನನ್ನ ಹತ್ತಿರ ಅಷ್ಟು ಮಾತಾಡದ ಮನುಷ್ಯ ಹಂದಿಯ ಹತ್ತಿರ ಆಡುತ್ತಾರಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಐದನೇ ಸೂಲಿನಲ್ಲಿ ಕೆಟ್ಟಿತು. ಅಷ್ಟರಲ್ಲಿ ಅದರ ಹಿಂಗಾಲಿಗೆ ನೋವು ಹಿಡಿದಿತ್ತು. ನಿಧಾನವಾಗಿ ಮಲಗಲು ಆಗದೆ ದೊಪ್ಪೆಂದು ಬೀಳುತ್ತಿತ್ತು. ಹುಟ್ಟಿದ್ದೇ ಆರು ಮರಿ, ಅದರಲ್ಲಿ ನಾಲ್ಕು ತಾಯಿಯ ಅಡಿಗೇ ಸಿಕ್ಕು ಸತ್ತವು. ಉಳಿದೆರಡನ್ನು ಹಾಲು ಬಿಡಿಸಿದ ಮೇಲೆ, ಬೇಸಿಗೆಯ ಕೊನೆಯಲ್ಲಿ, ನಾನು ಇವರಿಗೆ ಹೇಳಿದೆ.

"ಇನ್ನು ಅದನ್ನ ಗಂಡಿನ ಹತ್ರ ಬಿಡಬೇಡಿ. ಎರಡು ತಿಂಗಳು ಚೆನ್ನಾಗಿ ತಿನ್ನಿಸಿ ಸೆಲ್ವನಿಗೆ ಕೊಟ್ಟುಬಿಡೋಣ."

"ನೋಡೋಣ ಬಿಡು."

"ನೋಡೋದೇನಿದೆ? ಮುದಿಯಾಯ್ತು. ಮೈತುಂಬ ಮಾಂಸ ಇರುವಾಗ್ಲೇ ಕೊಟ್ರೆ ನಾಕು ಜನ ತಿಂತಾರೆ. ಇನ್ನೂ ಇಟ್ಕೊಂಡ್ರೆ ಕಾಲು ಬಿದ್ದು, ಇಳಿದು ಹೋಗಿ, ಯಾರಿಗೂ ಇಲ್ಲ."

"ಕಾಲು ನೋವು ಮಾರಾಯ್ತಿ ಅದಕ್ಕೆ, ಮುದಿಯಾಗಿಲ್ಲ" ಎಂದು ಬಕೆಟ್ಟು ಎತ್ತಿಕೊಂಡು ಹೋದರು.

ಜೂನ್ ಕಳೆಯಿತು, ಜುಲೈ ಬಂತು. ಮೇಡಮ್ಮು ಬೆದೆಗೆ ಬರಲಿಲ್ಲ. ಹೆಣ್ಣು ಹಂದಿ ಗಬ್ಬವಿಲ್ಲದಿದ್ದರೆ ಮೂರು ವಾರಕ್ಕೊಮ್ಮೆ ಬೆದೆಗೆ ಬಂದು ಗೂಡಿನ ಬಾಗಿಲು ಕಿತ್ತುಹೋಗುವಂತೆ ಗುದ್ದುತ್ತದೆ. ಇದು ತಣ್ಣಗೆ ಮೂಲೆಯಲ್ಲಿ ಮಲಗಿರುತ್ತಿತ್ತು. ಇದರ ಕಾಲ ಮುಗಿಯಿತು ಎಂದುಕೊಂಡೆ.

ಆ ವರ್ಷ ಮಳೆ ಬಿಡದೆ ಹೊಡೆಯಿತು. ಚಾನಲ್ಲು ತುಂಬಿ ಗೂಡುಗಳೊಳಗೆ ನೀರು ಒಸರುತ್ತಿತ್ತು. ಇವರು ದಿನವಿಡೀ ಬರಿಗಾಲಲ್ಲಿ ಆ ನೀರಿನಲ್ಲೇ ನಿಂತು ಕೊಚ್ಚೆ ಬಳಿಯುತ್ತಿದ್ದರು. ಆಷಾಢದ ಕೊನೆಯ ವಾರ ಜ್ವರ ಬಂತು. ಮೀನಖಂಡ ಹಿಡಿದುಕೊಂಡು ಮಲಗಿದವರು ನಾಲ್ಕನೇ ದಿನಕ್ಕೆ ಕಣ್ಣು ಹಳದಿಯಾಗಿ ಎದ್ದರು. ಭದ್ರಾವತಿಯ ಡಾಕ್ಟರು ಇಲಿಜ್ವರ ಎಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಇಪ್ಪತ್ತೆರಡು ದಿನ ಇದ್ದರು. ಮೊದಲ ವಾರ ಉಳಿಯುತ್ತಾರೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ದಿನ ಬಿಟ್ಟು ದಿನ ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಅವರ ತಮ್ಮ ಹೋಗುತ್ತಿದ್ದ. ಬೆಳಿಗ್ಗೆ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಭದ್ರಾವತಿಯ ಹೋಟೆಲುಗಳಿಂದ ಮುಸುರೆ ತರುವುದು, ತೌಡು ಕಲಸುವುದು, ಗೂಡು ತೊಳೆಯುವುದು ಎಲ್ಲ ನನ್ನ ತಲೆಗೇ ಬಂತು. ಆಗ ಹನ್ನೊಂದು ದೊಡ್ಡ ಹಂದಿಗಳಿದ್ದವು. ಮಳೆಗೆ ಎರಡು ಗೂಡಿನ ಗೋಡೆ ಕುಸಿದು, ಈ ವಾರವೋ ಆ ವಾರವೋ ಮರಿ ಹಾಕುವಂತಿದ್ದ ಒಂದು ಎಳೆಯ ಹೆಣ್ಣಿಗೆ ಒಣಗಿದ ಜಾಗವೇ ಇರಲಿಲ್ಲ. ಒಣಗಿದ್ದದ್ದು ಒಂದೇ ಗೂಡು, ಮೇಡಮ್ಮಿನದು. ಅದನ್ನು ಬೇರೆ ಕಡೆ ಕೂಡಿದರೆ ಮಿಕ್ಕವು ಅದರ ನೋಯುವ ಕಾಲಿಗೇ ಬಾಯಿ ಹಾಕುತ್ತಿದ್ದವು.

ಒಂದು ಶನಿವಾರ ಸೆಲ್ವನಿಗೆ ಹೇಳಿಕಳಿಸಿದೆ. ಬಂದವನು ಗೂಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ಅಣ್ಣನಿಗೆ ಹೇಳಿದೀರಾ ಅಕ್ಕಾ?"

"ಅವರು ಇರೋ ಸ್ಥಿತೀಲಿ ಇದನ್ನೆಲ್ಲ ಕೇಳೋಕಾಗುತ್ತಾ?"

"ಶ್ರಾವಣ ಬೇರೆ. ಈ ಕಡೆ ಗಿರಾಕಿಗಳು ಯಾರೂ ತಗೊಳ್ಳಲ್ಲ. ನಮ್ ಕ್ವಾರ್ಟರ್ಸ್‌ನೋರು ತಗೊಂತಾರೆ, ತೊಂದ್ರೆ ಇಲ್ಲ." ಬಗ್ಗಿ ಅದರ ಹೊಟ್ಟೆಯ ಕೆಳಗೆ ಕೈ ಹಾಕಿದ. "ಹೊಟ್ಟೆ ದೊಡ್ಡದಾಗಿದೆ ಅಕ್ಕಾ. ಗಂಡಿನ ಹತ್ರ ಬಿಟ್ಟಿದ್ರಾ?"

"ಇಲ್ಲ. ಐದು ಸೂಲು ಆದ ಹೊಟ್ಟೆ, ಜೋತುಬಿದ್ದಿದೆ."

"ನಿಜವಾಗ್ಲೂ ಬಿಟ್ಟಿಲ್ವಾ?"

"ಬಿಟ್ಟಿಲ್ಲ ಅಂದ್ನಲ್ಲ ಸೆಲ್ವ. ನನಗೆ ಗೊತ್ತಿಲ್ದೆ ಈ ಶೆಡ್ಡಲ್ಲಿ ಏನಾಗುತ್ತೆ?"

ಅವನು ಲುಂಗಿಗೆ ಕೈ ಒರೆಸಿಕೊಂಡು, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೊರಟ.

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಚಾನಲ್ ಏರಿಯ ಹತ್ತಿರ ಕಡಿಯುವ ಜಾಗ. ನಾನು ಯಾವತ್ತೂ ಆ ಕಡೆ ಹೋಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ನೀರು ಕಾಯಿಸಿಕೊಟ್ಟು ಸುಮ್ಮನೆ ಕೂತಿದ್ದೆ. ಒಂದು ಸಲ ಕೂಗು ಕೇಳಿಸಿತು, ನಿಂತಿತು. ಆಮೇಲೆ ಗರಿ ಉರಿಸುವ ಹೊಗೆ, ಕೂದಲು ಸುಡುವ ವಾಸನೆ. ಅರ್ಧ ಗಂಟೆ ಬಿಟ್ಟು ಸೆಲ್ವ ಅಡುಗೆಮನೆಯ ಬಾಗಿಲಿಗೆ ಬಂದ. ಕೈ ತೊಳೆದುಕೊಂಡಿದ್ದ. ಕೆಲಸ ಮುಗಿಯುವ ಮೊದಲು ಕೈ ತೊಳೆಯುವ ಪೈಕಿಯಲ್ಲ ಅವನು.

"ಅಕ್ಕಾ, ಒಂದ್ ನಿಮಿಷ ಬನ್ನಿ."

"ಏನು?"

"ಗಬ್ಬ ಇತ್ತಕ್ಕಾ."

ಹೋಗಿ ನೋಡಿದೆ. ನೋಡಬಾರದಿತ್ತು. ಬಾಳೆ ಎಲೆಯ ಮೇಲೆ ಸಾಲಾಗಿ ಮಲಗಿಸಿದ್ದ. ಒಂದೊಂದೂ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ. ಕೂದಲಿಲ್ಲ, ಕಣ್ಣು ಮುಚ್ಚಿದೆ, ಗೊರಸು ಮಾತ್ರ ಆಗಲೇ ಆಗಿತ್ತು, ಮೇಣದ ಹಾಗೆ ಬಿಳಿ. ಹನ್ನೊಂದು ಇದ್ದವು. ಐದನೇ ಸೂಲಿನಲ್ಲಿ ಆರಕ್ಕಿಳಿದ ಹಂದಿಯ ಹೊಟ್ಟೆಯಲ್ಲಿ ಹನ್ನೊಂದು. ನನ್ನ ಹಿಂದೆ ಸುಮಾ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು, ತುಟಿ ಆಡುತ್ತಿತ್ತು.

ಸೆಲ್ವ ಏರಿಯ ಬುಡದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಎಲೆ ಸಮೇತ ಹೂತ. ಪಾತ್ರೆ ಹಿಡಿದು ಬಂದು ನಿಂತಿದ್ದ ಕ್ವಾರ್ಟರ್ಸಿನ ಜನರಿಗೆ, "ಗಬ್ಬದ ಹಂದಿ. ಬೇಕಾದೋರು ತಗೊಳ್ಳಿ, ಬೇಡದೋರು ಬೇಜಾರು ಮಾಡ್ಕೋಬೇಡಿ" ಎಂದು ಮೊದಲೇ ಹೇಳಿಬಿಟ್ಟ. ಸುಮಾರು ಜನ ಪಾತ್ರೆ ಮುಚ್ಚಿಕೊಂಡು ವಾಪಸು ಹೋದರು. ಉಳಿದ ಮಾಂಸವನ್ನು ಅವನೇ ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ನಮ್ಮ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ. "ಮುದಿ ಹಂದಿ ಮಾಂಸ ಅಕ್ಕಾ, ಹೊಗೇಲಿ ಒಣಗಿದ್ರೆ ವರ್ಷ ಇರುತ್ತೆ. ಬೇಯಿಸುವಾಗ ಪಪ್ಪಾಯಿ ಕಾಯಿ ಹಾಕಿ, ಇಲ್ಲಾಂದ್ರೆ ಬೇಯಲ್ಲ" ಎಂದ. ನಾನು ತಲೆಯಾಡಿಸಿದೆ. ಅಂದೇ ಸಂಜೆ ಎಳೆಯ ಹೆಣ್ಣನ್ನು ಆ ಗೂಡಿಗೆ ಬಿಟ್ಟೆ.

ಎರಡು ದಿನ ಕಳೆದು ಆಸ್ಪತ್ರೆಗೆ ಹೋದಾಗ ಇವರು ದಿಂಬಿಗೆ ಒರಗಿ ಕೂತಿದ್ದರು. ಕಣ್ಣಿನ ಹಳದಿ ಇಳಿದಿತ್ತು. ಗಂಜಿ ಕುಡಿಸಿದ ಮೇಲೆ ನನ್ನ ಕೈ ಹಿಡಿದುಕೊಂಡರು. ಅವರು ಹಾಗೆಲ್ಲ ಹಿಡಿಯುವವರಲ್ಲ.

"ನಿಂಗೊಂದು ವಿಷ್ಯ ಹೇಳ್ಬೇಕು. ಬೈಬಾರ್ದು."

"ಏನು ಹೇಳಿ."

"ಮೇಡಮ್ಮುನ ಗಂಡಿನ ಹತ್ರ ಬಿಟ್ಟಿದ್ದೆ. ಮೇ ಕೊನೇಲಿ. ನೀನು ಹೊಳೆಹೊನ್ನೂರಿಗೆ ಹೋಗಿದ್ಯಲ್ಲ, ಅತ್ತಿಗೆಗೆ ಹುಷಾರಿಲ್ಲ ಅಂತ, ಆವತ್ತು. ಗಬ್ಬ ಕಟ್ಟಿದೆ ಅದು, ನಂಗೆ ಗೊತ್ತು. ಆಮೇಲೆ ಬೆದೆಗೆ ಬಂದಿಲ್ಲ, ನೋಡಿದ್ಯಾ?"

ನಾನು ಕೈ ಬಿಡಿಸಿಕೊಂಡು ಗಂಜಿಯ ಲೋಟ ಸರಿಸಿಟ್ಟೆ.

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಇದೊಂದು ಸೂಲು ನೋಡೋಣ ಅಂತ ನಂಗೆ. ಗಣಪತಿ ಹಬ್ಬ ಆದ್ಮೇಲೆ ಮರಿ ಹಾಕುತ್ತೆ. ಈ ಸಲ ಗೋಡೆಯ ಸುತ್ತ ಒಂದು ಅಡ್ಡಗಂಬಿ ಹೊಡೀತೀನಿ, ಮೇಡಮ್ಮು ದೊಪ್ಪಂತ ಬಿದ್ರೂ ಮರಿ ಸಂದೀಲಿ ತೂರ್ಕೊಂಡು ಬದುಕ್ತವೆ. ಅಲ್ಲಿಗಂಟ ಕೆಳಗೆ ಹುಲ್ಲು ಹಾಸು. ಶೀತ ತಾಗಬಾರ್ದು."

ಆಗಲೇ ಹೇಳಬೇಕಿತ್ತು. ಪಕ್ಕದ ಮಂಚದಲ್ಲಿ ಹಿಂದಿನ ದಿನ ಇದೇ ಜ್ವರದವನೊಬ್ಬ ತೀರಿಹೋಗಿದ್ದ. ಹಾಸಿಗೆ ಸುತ್ತಿಟ್ಟಿದ್ದರು. ಅದನ್ನು ನೋಡಿದೆ, ಇವರನ್ನು ನೋಡಿದೆ. "ಆಯ್ತು, ಹಾಸ್ತೀನಿ" ಎಂದೆ.

ಅಲ್ಲಿಂದ ಮುಂದೆ ಹನ್ನೆರಡು ದಿನ ಅದೇ ನಡೆಯಿತು. ಹುಲ್ಲು ಹಾಸಿದ್ಯಾ, ಹಾಸಿದೆ. ತೌಡು ಜಾಸ್ತಿ ಮಾಡಿದ್ಯಾ, ಮಾಡಿದೆ. ಕಾಲಿಗೆ ಬೇವಿನೆಣ್ಣೆ ಹಚ್ಚಿದ್ಯಾ, ಹಚ್ಚಿದೆ. ಹೊಟ್ಟೆ ಇಳಿದಿದೆಯಾ, ಮೊಲೆ ತುಂಬಿದೆಯಾ ಎಂದು ಕೇಳುವರು, ನಾನು ಹೇಳುವೆ. ಮಾತು ಮುಗಿಯುವ ಹೊತ್ತಿಗೆ ಅವರ ಮುಖದಲ್ಲಿ ರಕ್ತ ಬಂದಂತಾಗುತ್ತಿತ್ತು. ಅವರಿಗೆ ಗುಣವಾದದ್ದು ಔಷಧಿಯಿಂದಲೋ ಆ ಮಾತಿನಿಂದಲೋ ನಾನು ಹೇಳಲಾರೆ. ಸುಮಾ ಒಂದು ಸಲ ಬಂದವಳು ಮತ್ತೆ ಬರಲಿಲ್ಲ. "ನಾನು ಬರಲ್ಲಮ್ಮ. ಅಪ್ಪ ನನ್ನ ಕೇಳಿದ್ರೆ ನಂಗೆ ಸುಳ್ಳು ಬರಲ್ಲ" ಎಂದಳು. ಓದುವುದಿದೆ ಎಂದು ಅವರಿಗೆ ಹೇಳಿದೆ. ಅದೂ ಒಂದು ಸುಳ್ಳು.

ಡಿಸ್ಚಾರ್ಜ್ ಆದ ದಿನ ಮಧ್ಯಾಹ್ನದ ಬಸ್ಸು ಹತ್ತಿದೆವು. ಮನೆಗೆ ಹೋಗಿ ಆ ಗೂಡಿನಲ್ಲಿ ಬೇರೆ ಹಂದಿ ನೋಡಿ ತಿಳಿಯುವುದು ಬೇಡ ಎಂದು, ಶಿವಮೊಗ್ಗ ದಾಟಿದ ಮೇಲೆ ಬಾಯಿಬಿಟ್ಟೆ.

"ರೀ, ಮೇಡಮ್ಮು ಇಲ್ಲ. ಸೆಲ್ವನಿಗೆ ಕೊಟ್ಟುಬಿಟ್ಟೆ."

ಅವರು ಕಿಟಕಿಯಾಚೆ ನೋಡುತ್ತಿದ್ದರು. ತಿರುಗದೆಯೇ ಕೇಳಿದರು.

"ಯಾವತ್ತು?"

"ನೀವು ಹೇಳೋಕೆ ಎರಡು ದಿನ ಮುಂಚೆ."

"ಹುಲ್ಲು ಹಾಸಿದೆ ಅಂದಿದ್ದು?"

"ಸುಳ್ಳು."

"ಎಣ್ಣೆ ಹಚ್ಚಿದ್ದು?"

ನಾನು ಔಷಧಿಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. ಭದ್ರಾವತಿಯಲ್ಲಿ ಇಳಿದು, ಹೊಳೆಹೊನ್ನೂರಿನ ಬಸ್ಸು ಹತ್ತಿ, ಮನೆ ಮುಂದೆ ಇಳಿದೆವು. ಇವರು ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋದರು. ಆ ಗೂಡಿನಲ್ಲಿ ಎಳೆಯ ಹೆಣ್ಣು ಎಂಟು ಮರಿಗಳಿಗೆ ಹಾಲೂಡಿಸುತ್ತ ಮಲಗಿತ್ತು. ನೋಡಿ, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು.

ನಾಲ್ಕು ದಿನ ಬೇಕಾದ್ದಕ್ಕೆ ಹ್ಞೂಂ, ಬೇಡದ್ದಕ್ಕೆ ಊಹೂಂ, ಅಷ್ಟೇ. ಐದನೇ ದಿನ ಒಲೆಯ ಮುಂದೆ ಬಂದು ಕೂತು ಅಟ್ಟದ ಕಡೆ ನೋಡಿದರು.

"ಅದರದ್ದೇನಾ?"

"ಹೌದು."

"ಮಾಡು."

"ಡಾಕ್ಟ್ರು ಈಗಲೇ ಇಂಥದ್ದೆಲ್ಲ ಬೇಡ ಅಂದಿದಾರೆ."

"ಒಂದು ತುತ್ತು ತಿಂತೀನಿ. ಸಾಕಿದ್ದು ನಾನು, ಬೇರೆಯವರೆಲ್ಲ ತಿಂದ್ರು."

ನಾನು ಅದುವರೆಗೆ ಹಂದಿ ಮಾಂಸ ಮುಟ್ಟಿದವಳಲ್ಲ. ಅಟ್ಟದಿಂದ ಎರಡು ಸೀಳು ಇಳಿಸಿ ಬಿಸಿನೀರಿನಲ್ಲಿ ನೆನೆಹಾಕಿದೆ. ಕಡು ಕೆಂಪು ಮಾಂಸ, ಮರದ ಹಾಗೆ ನಾರು ನಾರು. ಪಪ್ಪಾಯಿ ಕಾಯಿ ಹಾಕಿ, ಕಾಳುಮೆಣಸು ಅರೆದು ಹಾಕಿ, ಬೆಳಿಗ್ಗೆ ಒಲೆಗಿಟ್ಟದ್ದು ಮಧ್ಯಾಹ್ನ ದಾಟಿದರೂ ಬೇಯಲಿಲ್ಲ. ಕೊನೆಗೆ ಹಾಗೇ ಬಡಿಸಿದೆ. ಮೂವರೂ ಕೂತಿದ್ದೆವು. ಅವರು ಒಂದು ಚೂರು ಬಾಯಿಗಿಟ್ಟು ಅಗಿಯುತ್ತಲೇ ಇದ್ದರು. ನುಂಗಿದ ಮೇಲೆ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

"ಎಷ್ಟಿದ್ವು?"

ಸುಮಾ ತಲೆ ಎತ್ತಿದಳು.

ಹನ್ನೊಂದು ಎಂದು ಬಾಯಿಗೆ ಬಂದಿತ್ತು. ಆ ಸಣಕಲು ಕೈ ಕಂಡಿತು, ತಟ್ಟೆಯ ಅಂಚು ಹಿಡಿದದ್ದು.

"ನಾಲ್ಕು" ಎಂದೆ.

"ನಾಲ್ಕೇನಾ?"

"ನಾಲ್ಕೇ. ಅದರಲ್ಲೂ ಒಂದು ಸರಿಯಾಗಿ ಬೆಳೆದಿರ್ಲಿಲ್ಲ."

ಅವರ ಹೆಗಲು ಸ್ವಲ್ಪ ಇಳಿಯಿತು. "ಹಾಗಾದ್ರೆ ನೀನು ಹೇಳಿದ್ದೇ ಸರಿ. ಆಗಿತ್ತು ಅದರ ಕಾಲ" ಎಂದು ಇನ್ನೊಂದು ಚೂರು ತೆಗೆದುಕೊಂಡರು. ಸುಮಾ ಎದ್ದು ಕೈ ತೊಳೆಯಲು ಹೋದಳು. ಮಾರನೇ ದಿನದಿಂದ ಅವರು ನನ್ನ ಜೊತೆ ಮಾತಾಡತೊಡಗಿದರು. ಒಂದು ಸುಳ್ಳಿನಿಂದ ಮನೆ ಉಳಿಯಿತು ಎಂದು ನನಗೆ ಸಮಾಧಾನವೇ ಆಗಿತ್ತು.

ಆ ಸಮಾಧಾನ ಮುಂದಿನ ಬೇಸಿಗೆಯವರೆಗೆ ಬಾಳಿತು. ಎಡಗಡೆ ಗೂಡಿನ ಹೆಣ್ಣು ಐದನೇ ಸೂಲು ಮುಗಿಸಿತ್ತು. ಹತ್ತು ಮರಿ ಹಾಕಿ ಹತ್ತನ್ನೂ ಉಳಿಸಿಕೊಂಡು, ಹಾಲು ಬಿಡಿಸಿದ ಮೇಲೂ ಮೈ ಇಳಿಯದೆ ಕಲ್ಲಿನ ಹಾಗಿತ್ತು. ಅದಕ್ಕೆ ಹೆಸರಿರಲಿಲ್ಲ. ಮೇಡಮ್ಮಿನ ನಂತರ ಇವರು ಯಾವುದಕ್ಕೂ ಹೆಸರಿಡಲಿಲ್ಲ, ಕಟ್ಟೆಯ ಮೇಲೆ ಕೂತು ಮಾತಾಡಲೂ ಇಲ್ಲ. ಒಂದು ಬೆಳಿಗ್ಗೆ ಕಲಗಚ್ಚು ಸುರಿಯುತ್ತ ಹೇಳಿದರು.

"ಇದನ್ನ ಇನ್ನು ಗಂಡಿನ ಹತ್ರ ಬಿಡಲ್ಲ. ಎರಡು ತಿಂಗಳು ತಿನ್ನಿಸಿ ಸೆಲ್ವನಿಗೆ ಕೊಡ್ತೀನಿ."

"ಇದು ಇನ್ನೂ ಗಟ್ಟಿಯಾಗಿದೆ ಕಣ್ರೀ. ಇನ್ನೂ ಮೂರು ಸೂಲು ಬರುತ್ತೆ."

"ಮೇಡಮ್ಮೂ ಹೊರಗಿಂದ ಹಾಗೇ ಕಾಣ್ತಿತ್ತು. ಒಳಗಿದ್ದಿದ್ದು ನಾಲ್ಕು. ನೀನೇ ಕಣ್ಣಾರೆ ನೋಡಿದೀಯಲ್ಲ. ಐದಾದ್ಮೇಲೆ ಇಲ್ಲ. ಕಾಯೋದೆಲ್ಲ ನಮ್ಮ ಆಸೆ ಅಷ್ಟೆ."

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳಿದರೆ ಆವತ್ತು ಊಟದ ಮುಂದೆ ಇಳಿದ ಅವರ ಹೆಗಲು ಏನಾಗುತ್ತದೋ ಎಂದು ಹೆದರಿದೆ. ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಬಂದೆ.

ಅದು ಅವರ ನೇಮವೇ ಆಯಿತು. ಐದನೇ ಸೂಲು ಮುಗಿದರೆ ಎರಡು ತಿಂಗಳು ತೌಡು, ಆಮೇಲೆ ಭಾನುವಾರ. ಅವರು ಆ ಬೆಳಿಗ್ಗೆ ಎದ್ದು ಯಾವುದಾದರೂ ಕೆಲಸ ಹೇಳಿಕೊಂಡು ಪೇಟೆಗೆ ಹೋಗುತ್ತಿದ್ದರು. ಗೂಡಿನಿಂದ ಹಂದಿ ಹೊರಡಿಸುವುದು ನನ್ನ ಪಾಲಿಗೆ ಬಂತು. ಐದು ವರ್ಷದಲ್ಲಿ ಆರು ಹೆಣ್ಣು ಹಂದಿಗಳು ಹಾಗೆ ಹೋದವು. ಆಮೇಲೆ ಅವರಿಗೇ ಕೈಲಾಗದೆ ಉಳಿದವನ್ನು ಕೊಟ್ಟು, ಗೂಡು ಕೆಡವಿಸಿ, ನಾವು ಶಿವಮೊಗ್ಗಕ್ಕೆ ಬಂದೆವು. ಅವರು ತೀರಿಕೊಂಡು ಈಗ ಒಂಬತ್ತು ವರ್ಷ. ಕೊನೆಯವರೆಗೂ ಅವರು ತಿಳಿದಿದ್ದದ್ದು ನಾಲ್ಕು.

ಆ ಆರರಲ್ಲಿ ಕೊನೆಯದನ್ನು ಕೊಟ್ಟ ಬೆಳಿಗ್ಗೆ ಸೆಲ್ವ ಚಾಕು ಮಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವನ ಕಿವಿಯ ಹತ್ತಿರ ಕೂದಲು ನರೆತಿತ್ತು. ನಾನು ಹೇಳಿದ ನಾಲ್ಕರ ಲೆಕ್ಕ ಇವರ ಬಾಯಿಂದಲೇ ಅವನಿಗೂ ತಿಳಿದಿತ್ತು, ಹನ್ನೊಂದನ್ನು ಹೂತವನು ಅವನೇ.

"ಅಕ್ಕಾ, ಇದೂ ಒಳ್ಳೆ ಹಂದಿ. ಈಗಲಾದ್ರೂ ಅಣ್ಣನಿಗೆ ಹೇಳಿಬಿಡಿ."

"ಏನಂತ ಹೇಳ್ಲಿ ಸೆಲ್ವ, ಇಷ್ಟು ವರ್ಷ ಆದ್ಮೇಲೆ?"

ಅವನು ಹಗ್ಗ ಎತ್ತಿಕೊಂಡ. "ಹಗ್ಗ ಬೇಡ" ಎಂದೆ. ದಿನಾ ಕೂಳು ಹಾಕುವವಳು ನಾನು. ಒಂದು ಡಬ್ಬದಲ್ಲಿ ತೌಡು ಹಾಕಿಕೊಂಡು ಗೂಡಿನ ಬಾಗಿಲು ತೆಗೆದು ಅಲ್ಲಾಡಿಸಿದೆ. ಅದು ಎದ್ದು, ಮೈ ಕೊಡವಿ, ನನ್ನ ಹಿಂದೆಯೇ ಚಾನಲ್ ಏರಿಯ ಕಡೆ ಬಂತು.